ತರಬೇತಿ ಉಳಿಯುವುದು ತಾಲೀಮಿನಿಂದ

ಆಹಾರ ಪದಾರ್ಥಗಳನ್ನು ತಯಾರಿಸುವ ಹಲವು ಘಟಕಗಳ ಕಚೇರಿ ಕೋಣೆಯಲ್ಲಿ ಇಂದು ಚೌಕಟ್ಟು ಹಾಕಿಸಿದ ಪ್ರಮಾಣಪತ್ರವೊಂದು ಕಾಣಸಿಗುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2017ರಲ್ಲಿ ಆರಂಭಿಸಿದ ‘ಫಾಸ್ಟ್ಯಾಕ್’ ತರಬೇತಿ ಕಾರ್ಯಕ್ರಮದ ಪ್ರಮಾಣಪತ್ರವದು. ಪರವಾನಗಿ ಪಡೆದ ಉದ್ದಿಮೆಯಲ್ಲಿ ಆಹಾರವನ್ನು ನಿರ್ವಹಿಸುವ ಪ್ರತಿ 25 ಮಂದಿಗೆ ಕನಿಷ್ಠ ಒಬ್ಬರಾದರೂ ತರಬೇತಿ ಪಡೆದ ಮೇಲ್ವಿಚಾರಕರಿರಬೇಕು ಎಂಬುದು ಅದರ ಆಶಯ. ತರಬೇತಿ ಒಂದು ದಿನದೊಳಗೆ ಮುಗಿಯುತ್ತದೆ. ಪ್ರಮಾಣಪತ್ರ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಎಂದರೆ, ಒಬ್ಬರು ಒಂದು ದಿನ ಕೇಳಿ ಬಂದುದನ್ನು 25 ಮಂದಿ ಎರಡು ವರ್ಷಗಳ ಕಾಲ ದಿನದಿನವೂ ಆಚರಣೆಯಲ್ಲಿಡಬೇಕು. ಕೇಳಿದ ಆ ಒಂದು ದಿನಕ್ಕೂ ಆಚರಿಸಬೇಕಾದ ಆ ಎರಡು ವರ್ಷಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಕಾನೂನು ಉದ್ದಿಮೆದಾರನಿಗೇ ಬಿಟ್ಟಿದೆ. ಬಹುಪಾಲು ಕಡೆ ಅಲ್ಲಿ ಏನೂ ನಡೆಯುವುದಿಲ್ಲ.

ಈ ಮಾತು ಆಹಾರೋದ್ಯಮಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಹೊಸ ಯಂತ್ರ ಮಾರಿದ ಕಂಪನಿಯವರು ಬಂದು ಅರ್ಧ ದಿನ ತೋರಿಸಿ ಹೋಗುವ ಕ್ರಮ, ಬಿಲ್ಲಿಂಗ್ ತಂತ್ರಾಂಶ ಅಳವಡಿಸಿದವರು ಗುಮಾಸ್ತನಿಗೆ ಎರಡು ಗಂಟೆ ಹೇಳಿಕೊಡುವ ಪಾಠ, ಅಗ್ನಿಶಾಮಕ ಸಿಲಿಂಡರು ತಂದಿಟ್ಟವರು ಕೊಡುವ ಐದು ನಿಮಿಷದ ವಿವರಣೆ ಇವೆಲ್ಲವೂ ತರಬೇತಿಗಳೇ. ಇವಕ್ಕೆ ತಗಲುವ ವೆಚ್ಚ ಹಲವು ವೇಳೆ ಯಂತ್ರದ ಬೆಲೆಯಲ್ಲೇ ಸೇರಿಹೋಗಿರುವುದರಿಂದ ಮಾಲೀಕರ ಲೆಕ್ಕಕ್ಕೆ ಬರುವುದಿಲ್ಲ. ತರಬೇತಿ ಕರಗಿಹೋದ ನಷ್ಟವೂ ಅದೇ ಕಾರಣದಿಂದ ಲೆಕ್ಕಕ್ಕೆ ಬರುವುದಿಲ್ಲ. ಕಚ್ಚಾ ಮಾಲು ಹಾಳಾದರೆ ತೂಕಕ್ಕೆ ಸಿಗುತ್ತದೆ, ಯಂತ್ರ ಕೆಟ್ಟರೆ ರಿಪೇರಿಯ ರಶೀದಿ ಬರುತ್ತದೆ. ಕಲಿತದ್ದು ಮರೆತುಹೋದುದಕ್ಕೆ ಯಾವ ರಶೀದಿಯೂ ಇಲ್ಲ.

ಮರೆವಿನ ಲೆಕ್ಕ

ಮರೆವು ಯಾವ ವೇಗದಲ್ಲಿ ಸಾಗುತ್ತದೆಂದು ಮೊದಲು ಅಳೆದವನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. 1885ರಲ್ಲಿ ಪ್ರಕಟವಾದ ಅವನ ಪ್ರಯೋಗಗಳಲ್ಲಿ ಪ್ರಯೋಗಕ್ಕೊಳಗಾದವನೂ ಅವನೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಅವನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕವಿಟ್ಟನು. ಒಂದು ಗಂಟೆಯ ನಂತರ ಉಳಿತಾಯ ಸುಮಾರು ಶೇ. 44ಕ್ಕೆ ಇಳಿದಿತ್ತು, ಒಂದು ದಿನದ ನಂತರ ಶೇ. 34ಕ್ಕೆ, 31 ದಿನಗಳ ನಂತರ ಶೇ. 21ಕ್ಕೆ. ಕೆಲಸದ ಸ್ಥಳದಲ್ಲಿ ಕಲಿಯುವ ವಿಷಯ ಅರ್ಥವಿಲ್ಲದ ಅಕ್ಷರಗಳಲ್ಲವಾದ್ದರಿಂದ ಈ ಅಂಕಿಗಳನ್ನು ಹಾಗೆಯೇ ಕಾರ್ಖಾನೆಗೆ ಅನ್ವಯಿಸಲಾಗದು. ಕೈಗೆ ಹತ್ತಿದ ಕೆಲಸ ಬಾಯಿಪಾಠಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಇಳಿಜಾರಿನ ರೂಪ ಒಂದೇ: ಮರೆವಿನ ದೊಡ್ಡ ಪಾಲು ಮೊದಲ ದಿನಗಳಲ್ಲೇ ನಡೆದುಹೋಗುತ್ತದೆ. ತರಬೇತಿಯ ಮಾರನೆಯ ವಾರ ಏನು ಮಾಡಲಾಯಿತು ಎಂಬುದು ಮಾರನೆಯ ವರ್ಷ ಏನು ಮಾಡಲಾಯಿತು ಎಂಬುದಕ್ಕಿಂತ ಮುಖ್ಯವಾಗುವುದು ಈ ಕಾರಣಕ್ಕೆ.

ಅದೇ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಒಂದೇ ಬಾರಿ ಕುಳಿತು 68 ಸಲ ಓದಿದ್ದರಿಂದ ದೊರೆತ ಫಲವೇ, ಮೂರು ದಿನಗಳ ಮೇಲೆ ಹಂಚಿ 38 ಸಲ ಓದಿದಾಗಲೂ ದೊರೆಯಿತು. ಅಭ್ಯಾಸವನ್ನು ಒಟ್ಟು ಹಾಕುವುದಕ್ಕಿಂತ ಬಿಡಿಸಿ ಹಂಚುವುದು ಅಗ್ಗ. ವರ್ತಕರಿಗೆ ಬೇರೆ ವಿವರಣೆ ಬೇಕಾಗಲಾರದು.

ಇದು ಪ್ರಯೋಗಶಾಲೆಯ ಮಾತಾಯಿತು ಎನ್ನುವವರಿಗೆ ಬ್ರಿಟನ್ನಿನ ಅಂಚೆ ಇಲಾಖೆಯ ಉದಾಹರಣೆ ಹೆಚ್ಚು ಹತ್ತಿರದ್ದು. ಅಂಚೆ ಸಂಕೇತ ಪದ್ಧತಿ ಜಾರಿಗೆ ಬಂದ ಮೇಲೆ ಅಲ್ಲಿನ ನೌಕರರು ಕೀಲಿಮಣೆ ಬಳಸಲು ಕಲಿಯಬೇಕಾಯಿತು. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಅವರನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆಯಂತೆ, ಇನ್ನೊಂದಕ್ಕೆ ತಲಾ ಎರಡು ಗಂಟೆಯ ಎರಡು ಅವಧಿಗಳಂತೆ, ಉಳಿದವಕ್ಕೆ ಇವೆರಡರ ನಡುವಿನ ಕ್ರಮದಲ್ಲಿ ಅಭ್ಯಾಸ ಮಾಡಿಸಿದರು. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನಕ್ಕೆ ನಾಲ್ಕು ಗಂಟೆ ಕುಳಿತವರು 80 ಗಂಟೆಯಲ್ಲಿ ತಲುಪಿದ ಮಟ್ಟವನ್ನು ದಿನಕ್ಕೊಂದು ಗಂಟೆ ಕುಳಿತವರು 55 ಗಂಟೆಯಲ್ಲಿ ತಲುಪಿದರು. ಗಮನಿಸಬೇಕಾದದ್ದು ಇದರ ಜೊತೆಗಿನ ಇನ್ನೊಂದು ಅಂಶ: ಎಲ್ಲರಿಗಿಂತ ಚೆನ್ನಾಗಿ ಕಲಿತ ಈ ಗುಂಪೇ ತರಬೇತಿಯ ಬಗೆಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಹೊಂದಿತ್ತು. ಗಂಟೆಗಳಲ್ಲಿ ಬೇಗ ಕಲಿತರೂ ದಿನಗಳ ಲೆಕ್ಕದಲ್ಲಿ ತಾವು ಹಿಂದುಳಿದಿದ್ದೇವೆಂದು ಅವರಿಗೆ ಅನಿಸಿತ್ತು. ಶಿಬಿರದ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳನ್ನು ನೋಡಿ ತರಬೇತಿಯ ಗುಣವನ್ನು ಅಳೆಯುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಊಟ, ಚೀಲ, ಪೆನ್ನು ಕೊಟ್ಟ ಶಿಬಿರಕ್ಕೆ ಒಳ್ಳೆಯ ಅಂಕ ಬರುವುದು ಸಹಜ.

ಗುಬ್ಬಿಯವರು ಮಾಡಿದ್ದು

ಇಷ್ಟನ್ನು ತಿಳಿಯಲು ಜರ್ಮನಿ, ಬ್ರಿಟನ್ನುಗಳವರೆಗೆ ಹೋಗಲೇಬೇಕೆಂದಿಲ್ಲ. ಹೆಬ್ಬೂರಿನವರಿಗೆ ನೆರೆಯದೇ ಆದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಕಲಾಸಂಸ್ಥೆಯೆಂದು ಎಲ್ಲರೂ ಬಲ್ಲರು. ಅದು ಸಂಬಳ, ಸಾಗಾಟ, ಟಿಕೆಟ್ಟಿನ ಹುಟ್ಟುವಳಿ, ಸಾಲ ಎಲ್ಲವೂ ಇದ್ದ ಒಂದು ಉದ್ದಿಮೆಯೂ ಆಗಿತ್ತು. 1917ರಲ್ಲಿ ಅದರ ಒಡೆತನ ವಹಿಸಿಕೊಂಡ ಗುಬ್ಬಿ ವೀರಣ್ಣನವರು ಬಾಲಕನಾಗಿ ಅದೇ ಕಂಪನಿಯಲ್ಲಿ ಪಾತ್ರ ಮಾಡಿ ಬೆಳೆದವರು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನು ರಂಗದ ಮೇಲೆ ತಂದ ಕಂಪನಿಗೆ ಒಂದು ಸಂಜೆಯ ತಪ್ಪು ಎಂಥ ನಷ್ಟ ತರಬಲ್ಲುದೆಂಬುದು ಊಹೆಗೆ ಬಿಟ್ಟ ವಿಷಯ.

ಅಂಥ ಕಂಪನಿಗಳಲ್ಲಿ ಯಾರಿಗೂ ‘ತರಬೇತಿ ಶಿಬಿರ’ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದು ತಾಲೀಮು. ಹಗಲು ತಾಲೀಮು, ರಾತ್ರಿ ಪ್ರದರ್ಶನ. ಮಾತು, ಹಾಡುಗಳನ್ನು ಹಾರ್ಮೋನಿಯಂ ಮುಂದೆ ಕುಳಿತು ಕೇಳಿ ಕಲಿಯಬೇಕು. ಹೊಸ ಹುಡುಗನಿಗೆ ಮೊದಲು ಸಣ್ಣ ಪಾತ್ರ, ಉಳಿದ ಹೊತ್ತು ಪಕ್ಕದ ಪರದೆಯ ಮರೆಯಿಂದ ದೊಡ್ಡವರನ್ನು ನೋಡುವ ಕೆಲಸ. ಅದೇ ನಾಟಕ ಮತ್ತೆ ಮತ್ತೆ ಬರುವುದರಿಂದ ನೋಡಿದ್ದು ಬಾಯಿಗೂ ಕೈಗೂ ಬರುತ್ತಿತ್ತು. ಒಬ್ಬ ನಟ ಊರಿಗೆ ಹೋದರೆ ಅವನ ಪಾತ್ರ ವಹಿಸಬಲ್ಲ ಇನ್ನೊಬ್ಬ ಕಂಪನಿಯೊಳಗೇ ಇರುತ್ತಿದ್ದುದು ಹೀಗೆ. ಬಾಲ್ಯದಲ್ಲಿ ತಂದೆಯೊಡನೆ ಈ ಕಂಪನಿ ಸೇರಿದ ಡಾ. ರಾಜಕುಮಾರ್, ಮುಂದೆ ಆಧುನಿಕ ರಂಗಭೂಮಿಗೆ ಹೆಸರಾದ ಬಿ.ವಿ. ಕಾರಂತ ಮೊದಲಾದವರು ಈ ಕ್ರಮದಲ್ಲೇ ಮೊದಲ ಪಾಠ ಕಲಿತರು.

‘ತಾಲೀಮು’ ಎಂಬ ಮಾತೇ ವಿಚಾರ ಮಾಡುವಂಥದ್ದು. ಅರಬ್ಬಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ‘ಕಲಿಸುವುದು’ ಎಂದರ್ಥ. ಕನ್ನಡದ ಗರಡಿಮನೆಗೂ ನಾಟಕದ ಮನೆಗೂ ಬಂದ ಮೇಲೆ ಅದು ‘ಅಭ್ಯಾಸ ಮಾಡಿಸುವುದು’ ಎಂದಾಯಿತು. ಕಲಿಸುವುದಕ್ಕೂ ಮಾಡಿಸುವುದಕ್ಕೂ ನಡುವೆ ಗೆರೆ ಎಳೆಯುವ ಅಗತ್ಯ ಪೈಲ್ವಾನರಿಗಾಗಲಿ ನಾಟಕದವರಿಗಾಗಲಿ ಕಾಣಲಿಲ್ಲ. ಆ ಗೆರೆಯನ್ನು ಎಳೆದದ್ದು ಕಚೇರಿಗಳ ತರಬೇತಿ ಪದ್ಧತಿ.

ನಾಲ್ಕನೆಯ ಹೆಜ್ಜೆ

ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಕಾರ್ಖಾನೆಗಳಿಗೆ ಕೃಷಿಯಿಂದ, ಮನೆಗೆಲಸದಿಂದ ಬಂದ ಲಕ್ಷಾಂತರ ಹೊಸಬರನ್ನು ಅಲ್ಪ ಕಾಲದಲ್ಲಿ ಸಿದ್ಧಗೊಳಿಸಬೇಕಾಗಿತ್ತು. ಅದಕ್ಕಾಗಿ 1940ರಲ್ಲಿ ಆರಂಭವಾಗಿ 1945ರವರೆಗೆ ನಡೆದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮವು 16,000ಕ್ಕೂ ಹೆಚ್ಚು ಕಾರ್ಖಾನೆಗಳನ್ನು ತಲುಪಿತು. ಮೇಸ್ತ್ರಿಗಳ ಜೇಬಿನಲ್ಲಿರುತ್ತಿದ್ದ ಒಂದು ಚೀಟಿಯಲ್ಲಿ ಕಲಿಸುವ ನಾಲ್ಕು ಹೆಜ್ಜೆಗಳು ಅಚ್ಚಾಗಿದ್ದವು: ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ತೋರಿಸುವುದು, ಅವನಿಂದಲೇ ಮಾಡಿಸಿ ನೋಡುವುದು, ಅನಂತರ ಬೆನ್ನುಹತ್ತಿ ವಿಚಾರಿಸುತ್ತಿರುವುದು. ಯುದ್ಧಾನಂತರ ಈ ಪದ್ಧತಿ ಜಪಾನಿಗೆ ಹೋಗಿ ಟೊಯೋಟಾದಂತಹ ಸಂಸ್ಥೆಗಳಲ್ಲಿ ನೆಲೆಯೂರಿತು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಬಿಡದಿಯಲ್ಲಿ 2007ರಿಂದ ನಡೆಸುತ್ತಿರುವ ತಾಂತ್ರಿಕ ತರಬೇತಿ ಶಾಲೆಯು ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ವಸತಿಸಹಿತ ಮೂರು ವರ್ಷದ ಶಿಕ್ಷಣ ನೀಡುತ್ತದೆ. ಬೋಲ್ಟು ಬಿಗಿಯುವಂತಹ ಸಾಮಾನ್ಯ ಕೈಚಲನೆಯನ್ನೂ ಬಿಡಿಸಿ ತೆಗೆದು, ಅದೊಂದನ್ನೇ ಮತ್ತೆ ಮತ್ತೆ ಮಾಡಿಸುವುದು ಆ ಸಂಸ್ಥೆಯ ಕಾರ್ಖಾನೆಗಳ ರೂಢಿ.

ಸಣ್ಣ ಘಟಕಗಳಲ್ಲಿ ಮೊದಲ ಮೂರು ಹೆಜ್ಜೆಗಳು ಹೇಗೋ ನಡೆದುಹೋಗುತ್ತವೆ. ಬಿಟ್ಟುಹೋಗುವುದು ನಾಲ್ಕನೆಯದು. ಆ ಹೆಜ್ಜೆಯಲ್ಲಿ ಹೇಳಿರುವುದಾದರೂ ಬಹಳ ಸರಳ: ಕೆಲಸಗಾರನನ್ನು ಅವನ ಪಾಡಿಗೆ ಕೆಲಸಕ್ಕೆ ಹಚ್ಚಬೇಕು, ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ ತಿಳಿಸಬೇಕು, ಮೊದಲು ಅಡಿಗಡಿಗೂ ಆಮೇಲೆ ಅಪರೂಪಕ್ಕೂ ಹೋಗಿ ನೋಡಬೇಕು. ಹೋಗಿ ನೋಡುವುದೆಂದರೆ ದೂರದಲ್ಲಿ ನಿಂತು ಕಣ್ಣಾಡಿಸುವುದಲ್ಲ, ಮಾಡಿಸಿ ನೋಡುವುದು.

ದೇಶೀಯವಾಗಿ ಈ ನಾಲ್ಕನೆಯ ಹೆಜ್ಜೆಯನ್ನು ವ್ಯವಸ್ಥೆಯಾಗಿ ಬೆಳೆಸಿದ ಕೀರ್ತಿ ಕರ್ನಾಟಕದ್ದೇ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕುಗಳ ಸಹಯೋಗದಿಂದ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಯುವಕರಿಗೆ ಅಲ್ಪಾವಧಿಯ ವಸತಿ ತರಬೇತಿ ಕೊಟ್ಟು ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ತರಬೇತಿ ಪಡೆದವರನ್ನು ಎರಡು ವರ್ಷ ಕಾಲ ವಿಚಾರಿಸಿಕೊಳ್ಳುವ ಪದ್ಧತಿಯನ್ನು ಹಾಕಿಕೊಂಡಿತು. ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ರೂಪಿಸಿತು. ತರಬೇತಿಯ ದಿನಗಳಿಗಿಂತ ಅನಂತರದ ವಿಚಾರಣೆಯ ದಿನಗಳು ಎಷ್ಟೋ ಪಟ್ಟು ದೀರ್ಘ ಎಂಬುದು ಇಲ್ಲಿಯ ಮುಖ್ಯ ಪಾಠ.

ಯಾವುದನ್ನು ಅಭ್ಯಾಸ ಮಾಡಿಸಬೇಕು

ಎಲ್ಲವನ್ನೂ ಅಭ್ಯಾಸ ಮಾಡಿಸಹೊರಟರೆ ಕೆಲಸ ನಿಂತುಹೋಗುತ್ತದೆ. ದಿನವೂ ಮಾಡುವ ಕೆಲಸ ತನ್ನಷ್ಟಕ್ಕೆ ತಾನೇ ತಾಲೀಮಾಗುತ್ತದೆ. ಅದಕ್ಕೆ ಪ್ರತ್ಯೇಕ ಸಮಯ ಬೇಡ. ತಾಲೀಮು ಬೇಕಿರುವುದು ಅಪರೂಪಕ್ಕೆ ಬರುವ, ಬಂದಾಗ ತಪ್ಪಿದರೆ ದುಬಾರಿಯಾಗುವ ಕೆಲಸಗಳಿಗೆ.

ದಿನಸಿ ಅಥವಾ ಗೊಬ್ಬರದ ಅಂಗಡಿಯ ಗುಮಾಸ್ತನನ್ನೇ ತೆಗೆದುಕೊಳ್ಳಬಹುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗಿನಿಂದ ಬಿಲ್ಲು ಬರೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು, ಏಕೆಂದರೆ ದಿನಕ್ಕೆ ನೂರು ಬಿಲ್ಲು ಬರೆಯುತ್ತಾನೆ. ಆದರೆ ಗಿರಾಕಿ ಮಾಲು ಹಿಂದಿರುಗಿಸಿದಾಗ ಮಾಡಬೇಕಾದ ಕ್ರೆಡಿಟ್ ನೋಟು ತಿಂಗಳಿಗೊಂದೋ ಎರಡೋ. ಅಲ್ಲೇ ತಪ್ಪುತ್ತದೆ, ಆ ತಪ್ಪು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕಾದ ಮಾಸಿಕ ವಿವರಣೆಯಲ್ಲಿ ಕುಳಿತು, ಕೊಂಡವರ ಲೆಕ್ಕದೊಂದಿಗೆ ತಾಳೆಯಾಗದೆ ಜಗಳಕ್ಕೆ ದಾರಿಯಾಗುತ್ತದೆ. ತೆರಿಗೆ ದರ ಬದಲಾವಣೆ ಇನ್ನೂ ಅಪರೂಪ. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು 28ರ ಹಂತಗಳನ್ನು ಬಹುಮಟ್ಟಿಗೆ ಕೈಬಿಟ್ಟು ಹಲವು ಸರಕುಗಳ ದರ ಬದಲಿಸಿದಾಗ, ತಂತ್ರಾಂಶದಲ್ಲಿ ದರ ತಿದ್ದುವ ಪುಟ ಎಲ್ಲಿದೆಯೆಂದು ಹುಡುಕುವ ಸ್ಥಿತಿ ಎಷ್ಟೋ ಅಂಗಡಿಗಳಲ್ಲಿ ಸಹಜವಾಗಿಯೇ ಬಂದಿರಬೇಕು. ವಾರಕ್ಕೊಮ್ಮೆ, ಅಂಗಡಿ ತೆರೆಯುವ ಮೊದಲು, ತಂತ್ರಾಂಶದಲ್ಲಿ ಅಭ್ಯಾಸಕ್ಕೆಂದೇ ಬೇರೆ ಕಂಪನಿ ಹೆಸರೊಂದನ್ನು ತೆರೆದಿಟ್ಟು, ಒಂದು ಸುಳ್ಳು ಕ್ರೆಡಿಟ್ ನೋಟನ್ನೋ ಒಂದು ದರ ತಿದ್ದುಪಡಿಯನ್ನೋ ಗುಮಾಸ್ತನಿಂದ ಮಾಡಿಸಿದರೆ ಹತ್ತು ನಿಮಿಷ ಹಿಡಿಯುತ್ತದೆ. ಸಾಧ್ಯವಾದರೆ ಮಾಲೀಕರೂ ಪಕ್ಕದಲ್ಲಿ ಕುಳಿತು ಕಲಿಯುವುದು ಲೇಸು. ಲೆಕ್ಕದ ಕೀಲಿಯೆಲ್ಲ ಒಬ್ಬ ನೌಕರನ ತಲೆಯಲ್ಲೇ ಇರುವುದು ಯಾವ ವ್ಯಾಪಾರಕ್ಕೂ ಕ್ಷೇಮವಲ್ಲ.

ಬೆಂಕಿಯ ವಿಷಯ ಇದಕ್ಕಿಂತ ಗಂಭೀರ. ಅಗ್ನಿಶಾಮಕ ಸಿಲಿಂಡರಿನ ಪುಡಿ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಪಿನ್ನು ಕೀಳುವುದು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಡುವುದು, ಹಿಡಿಕೆ ಒತ್ತುವುದು, ಅತ್ತಿಂದಿತ್ತ ಬೀಸುವುದು ಈ ನಾಲ್ಕು ಕ್ರಿಯೆಗಳನ್ನು ಗೋಡೆಯ ಚಿತ್ರ ನೋಡಿ ಓದಿಕೊಳ್ಳುವಷ್ಟು ಹೊತ್ತು ಬೆಂಕಿ ಕೊಡುವುದಿಲ್ಲ. ನಾರು, ಕೊಬ್ಬರಿ, ಗೋಣಿಚೀಲ ತುಂಬಿದ ಗೋದಾಮಿನಲ್ಲಿ ಇದು ಹೆಚ್ಚು ನಿಜ. ತಿಂಗಳಿಗೊಮ್ಮೆ ಪ್ರತಿಯೊಬ್ಬ ಕೆಲಸಗಾರನೂ ತಾನು ನಿಂತ ಜಾಗದಿಂದ ನಡೆದು ಹೋಗಿ ಸಿಲಿಂಡರನ್ನು ಗೋಡೆಯಿಂದ ಇಳಿಸಿ, ಪಿನ್ನು ಮುಟ್ಟಿ ತೋರಿಸಿ, ಮರಳಿ ಇಡುವುದಕ್ಕೆ ಖರ್ಚಿಲ್ಲ. ಹಾಗೆ ಮಾಡಿಸಿದಾಗ ಮೊದಲು ಬಯಲಾಗುವ ಸಂಗತಿ ಸಾಮಾನ್ಯವಾಗಿ ಒಂದೇ: ಸಿಲಿಂಡರಿನ ಮುಂದೆ ಚೀಲಗಳ ರಾಶಿ ಬಿದ್ದಿದೆ. ಅವಧಿ ಮುಗಿದ ಸಿಲಿಂಡರನ್ನು ಮರುಭರ್ತಿಗೆ ಕಳಿಸುವ ಮೊದಲು ಬಯಲಿನಲ್ಲಿ ಒಮ್ಮೆ ನಿಜವಾಗಿ ಬಳಸಿ ನೋಡಲು ಕೊಡುವುದು ಇನ್ನೂ ಒಳ್ಳೆಯದು. ಹಿಟ್ಟಿನ ಗಿರಣಿ, ಎಣ್ಣೆ ಗಾಣಗಳಲ್ಲಿ ಬೆಲ್ಟಿಗೆ ಬಟ್ಟೆ ಸಿಕ್ಕಿದಾಗ ಮುಖ್ಯ ಸ್ವಿಚ್ಚು ಆರಿಸುವ ಅಭ್ಯಾಸವೂ ಇದೇ ಜಾತಿಯದು. ಕತ್ತಲಲ್ಲೂ ಕೈ ಅಲ್ಲಿಗೆ ಹೋಗಬೇಕು.

ಮೂರನೆಯ ಬಗೆಯೊಂದಿದೆ: ದಿನವೂ ಮಾಡುವ ಕೆಲಸವೇ ಆದರೂ ಸರಿಯೋ ತಪ್ಪೋ ಎಂಬ ಉತ್ತರ ಕೆಲಸಗಾರನಿಗೆ ತಲುಪದಿರುವುದು. ತುಮಕೂರು–ಕುಣಿಗಲ್ ರಸ್ತೆಯ ಮೇಲಿನ ಹೋಬಳಿ ಕೇಂದ್ರವಾದ ಹೆಬ್ಬೂರಿನ ಸುತ್ತ ರಾಗಿ, ತೆಂಗುಗಳೇ ಪ್ರಧಾನ. ರಾಗಿ ಕೊಳ್ಳುವವರ ಕಷ್ಟ ತೇವಾಂಶದ್ದು. ಬೆಂಬಲ ಬೆಲೆಯ ಖರೀದಿಯಲ್ಲಿ ರಾಗಿಗೆ ಶೇ. 12ರ ಮಿತಿಯಿದೆ. ಶೇ. 14 ತೇವವಿರುವ 100 ಕೆ.ಜಿ. ರಾಗಿಯನ್ನು ಕೊಂಡು ಶೇ. 12ಕ್ಕೆ ಒಣಗಿಸಿದರೆ ಉಳಿಯುವುದು 97.7 ಕೆ.ಜಿ. ಕ್ವಿಂಟಾಲಿಗೆ ಎರಡೂಕಾಲು ಕೆ.ಜಿ.ಯಷ್ಟು ನೀರಿಗೆ ಹಣ ಕೊಟ್ಟಂತಾಯಿತು. ಒಣಗಿಸದೆ ಒಟ್ಟಿದರೆ ಬೂಷ್ಟು ಹಿಡಿದು ಇನ್ನೂ ಹೆಚ್ಚು ಹೋಗುತ್ತದೆ. ಹಳೆಯ ವರ್ತಕರು ಹಿಡಿ ಕಾಳು ತೆಗೆದು, ಉಜ್ಜಿ, ಹಲ್ಲಿಗೆ ಕಚ್ಚಿ ಹೇಳಬಲ್ಲರು. ಹೊಸ ಹುಡುಗರಿಗಾಗಿ ತೇವಾಂಶ ಮಾಪಕ ಕೊಳ್ಳಲಾಗುತ್ತದೆ. ಮಾರಿದವರು ಬಂದು ಅರ್ಧ ಗಂಟೆ ತೋರಿಸಿ ಹೋಗುತ್ತಾರೆ. ಕೆಲ ದಿನಗಳಲ್ಲೇ ಮಾಪಕ ಮೇಜಿನ ಖಾನೆ ಸೇರುತ್ತದೆ. ಸಾಲು ಗಾಡಿಗಳು ನಿಂತಿರುವಾಗ ಅದನ್ನು ಹೊರತೆಗೆಯುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಇಲ್ಲಿ ತಾಲೀಮು ನಡೆಸುವ ಬಗೆ ಹೀಗೆ. ಬೆಳಿಗ್ಗೆ ಖರೀದಿ ಆರಂಭವಾಗುವ ಮೊದಲು ಗೋದಾಮಿನ ಐದು ಚೀಲಗಳಿಂದ ಮಾದರಿ ತೆಗೆಯಬೇಕು. ಪ್ರತಿ ಹುಡುಗನೂ ಕೈಯಲ್ಲಿ ಹಿಡಿದು ನೋಡಿ ತನ್ನ ಅಂದಾಜನ್ನು ಮೊದಲು ಬರೆಯಬೇಕು. ಅನಂತರ ಮಾಪಕದಲ್ಲಿ ರಾಗಿಯ ಹೊಂದಾಣಿಕೆಯನ್ನೇ ಆರಿಸಿ ಅಳೆಯಬೇಕು (ಬೇರೆ ಧಾನ್ಯದ ಹೊಂದಾಣಿಕೆಯಲ್ಲಿ ಅಳೆದು ಮೋಸ ಹೋಗುವುದುಂಟು). ಅಂದಾಜು, ಅಳತೆ, ಅಂತರ ಎಂದು ಮೂರು ಕಾಲಂಗಳು ಸಾಕು. ಅಂದಾಜನ್ನು ಮೊದಲೇ ಬರೆಸುವುದು ಈ ಕ್ರಮದ ಜೀವಾಳ. ಮಾಪಕ ನೋಡಿದ ಮೇಲೆ ಎಲ್ಲರಿಗೂ ತಮಗೆ ಗೊತ್ತೇ ಇತ್ತು ಎನಿಸುತ್ತದೆ. ಅಂತರ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದೆಯೇ ಎಂಬುದು ಪುಸ್ತಕದಲ್ಲೇ ಕಾಣುತ್ತದೆ. ಹಿರಿಯರ ಕೈಯಲ್ಲಿದ್ದ ವಿದ್ಯೆ ಕಿರಿಯರ ಕೈಗೆ ದಾಟುವುದಕ್ಕೂ, ಯಂತ್ರ ಬಳಕೆಯಲ್ಲಿ ಉಳಿಯುವುದಕ್ಕೂ ಒಂದೇ ಅಭ್ಯಾಸ ಸಾಕಾಗುತ್ತದೆ. ಕೊಬ್ಬರಿ ವರ್ಗೀಕರಣ, ಅಡಿಕೆ ಆರಿಸುವಿಕೆ, ಎಣ್ಣೆಯ ಬಣ್ಣ ನೋಡುವಿಕೆ ಮುಂತಾದವಕ್ಕೂ ಇದೇ ಕ್ರಮ ಒಗ್ಗುತ್ತದೆ.

ತಪ್ಪೂ ಅಭ್ಯಾಸವಾಗುತ್ತದೆ

ಅಭ್ಯಾಸಕ್ಕೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಕಬ್ಬಿಣದ ಕೆಲಸ ಮಾಡುವ ಶೆಡ್ಡಿನಲ್ಲಿ ಕೈಗ್ರೈಂಡರಿನ ರಕ್ಷಾಕವಚ ತೆಗೆಯಬಾರದೆಂದು ಹೊಸಬನಿಗೆ ಮೊದಲ ದಿನ ಹೇಳಲಾಗುತ್ತದೆ. ಮೂಲೆಯೊಂದಕ್ಕೆ ಚಕ್ರ ತಲುಪದಿದ್ದಾಗ ಅವನು ಕವಚ ತೆಗೆಯುತ್ತಾನೆ. ಏನೂ ಆಗುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ, ಮೇಸ್ತ್ರಿ ನೋಡಿಯೂ ಸುಮ್ಮನಿರುತ್ತಾನೆ. ಆ ಸುಮ್ಮನಿರುವಿಕೆಯೇ ಎರಡನೆಯ ತರಬೇತಿ, ಮತ್ತು ಮೊದಲನೆಯದಕ್ಕಿಂತ ಬಲವಾದದ್ದು. ಚಕ್ರ ಒಡೆದು ಚೂರು ಹಾರುವ ದಿನದವರೆಗೆ ಪ್ರತಿದಿನವೂ ಅವನು ತಪ್ಪಿನ ತಾಲೀಮು ಮಾಡುತ್ತಿರುತ್ತಾನೆ. ಆದುದರಿಂದ ‘ಅಭ್ಯಾಸ ಮಾಡಿದರೆ ಬರುತ್ತದೆ’ ಎಂದು ಹೇಳಿ ಬಿಟ್ಟುಬಿಡುವುದು ಅರ್ಧ ಸತ್ಯ. ಯಾರೋ ಒಬ್ಬರ ಕಣ್ಣಿನ ಮುಂದೆ ಅಭ್ಯಾಸವಾಗಬೇಕು, ತಪ್ಪಿದ ಕ್ಷಣದಲ್ಲೇ ತಿದ್ದಬೇಕು. ತಿಂಗಳ ಸಭೆಯಲ್ಲಿ ಒಟ್ಟಾರೆ ಬೈಯುವುದು ತಿದ್ದುಪಡಿಯಲ್ಲ.

ಕಣ್ಣಿಡುವವರು ಯಾರು ಎಂಬುದೇ ಸಣ್ಣ ಘಟಕಗಳ ನಿಜವಾದ ತೊಡಕು. ಮಾಲೀಕರು ಬ್ಯಾಂಕು, ಸಾಗಾಟ, ವಸೂಲಿಗಳಲ್ಲಿ ಮುಳುಗಿರುತ್ತಾರೆ. ಹಿರಿಯ ಮೇಸ್ತ್ರಿಗೆ ಕಲಿಸುವ ಮನಸ್ಸಿರುವುದಿಲ್ಲ. ಅವನನ್ನು ದೂರುವುದು ನ್ಯಾಯವಲ್ಲ. ಇಪ್ಪತ್ತು ವರ್ಷ ದುಡಿದು ಕೈಗೆ ಬಂದ ವಿದ್ಯೆಯೇ ಅವನ ಆಸ್ತಿ. ಅದನ್ನು ಹುಡುಗನಿಗೆ ಕೊಟ್ಟರೆ ಅರ್ಧ ಸಂಬಳಕ್ಕೆ ಹುಡುಗನನ್ನಿಟ್ಟುಕೊಂಡು ತನ್ನನ್ನು ಕಳಿಸುತ್ತಾರೆಂಬ ಭಯ ಅವನಿಗಿದೆ, ಆ ಭಯಕ್ಕೆ ಆಧಾರವೂ ಉಂಟು. ಕಲಿಸುವುದನ್ನು ಅವನ ಕೆಲಸದ ಭಾಗವೆಂದು ಮೊದಲೇ ಹೇಳಿ, ಅದಕ್ಕಿಷ್ಟು ಎಂದು ಸಂಬಳದಲ್ಲಿ ಸೇರಿಸಿ, ಒಬ್ಬ ಹುಡುಗ ಒಂದು ಯಂತ್ರವನ್ನು ಸ್ವತಂತ್ರವಾಗಿ ನಡೆಸುವಂತಾದಾಗ ಮೇಸ್ತ್ರಿಗೂ ಒಂದು ಮೊತ್ತ ಕೊಡುವುದು ಲಾಭದಾಯಕವೇ. ಹೊರರಾಜ್ಯಗಳ ಕೆಲಸಗಾರರಿರುವಲ್ಲಿ ಮಾತಿನ ಪಾಠ ದಾಟುವುದು ಇನ್ನೂ ಕಷ್ಟ. ಕೈಯಿಂದ ಮಾಡಿಸಿ ನೋಡುವ ಪಾಠಕ್ಕೆ ಭಾಷೆಯ ತೊಡಕು ಕಡಿಮೆ.

ಸಮಯದ ಲೆಕ್ಕ

ಎಂಟು ಮಂದಿ ಕೆಲಸಗಾರರಿರುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಎಲ್ಲರನ್ನೂ ಎಂಟು ಗಂಟೆಯ ಒಂದು ಶಿಬಿರಕ್ಕೆ ಕಳಿಸಿದರೆ 64 ಗಂಟೆಗಳ ದುಡಿಮೆ ನಿಲ್ಲುತ್ತದೆ. ಅದೇ ಎಂಟು ಮಂದಿಗೆ ವಾರಕ್ಕೆರಡು ದಿನ ತಲಾ ಹತ್ತು ನಿಮಿಷದ ತಾಲೀಮು ಮಾಡಿಸಿದರೆ ವಾರಕ್ಕೆ 160 ನಿಮಿಷ. 64 ಗಂಟೆಗಳಾಗಲು 24 ವಾರಗಳು ಬೇಕು. ಒಂದು ದಿನದ ಶಿಬಿರಕ್ಕೆ ಬಿಟ್ಟುಕೊಡುವ ಹೊತ್ತಿನಲ್ಲಿ ಐದೂವರೆ ತಿಂಗಳ ತಾಲೀಮು ನಡೆಯುತ್ತದೆಂದಾಯಿತು. ಶಿಬಿರವೇ ಬೇಡವೆಂದು ಇದರ ಅರ್ಥವಲ್ಲ. ಹೊಸ ವಿಷಯ ಹೊರಗಿನಿಂದ ಬರಲೇಬೇಕು. ಆದರೆ ಒಬ್ಬರನ್ನು ಕಳಿಸಿ, ಅವರು ಮರಳಿದ ಮೂರು ದಿನದೊಳಗೆ ಉಳಿದವರಿಗೆ ಮಾಡಿ ತೋರಿಸುವ ಷರತ್ತು ಹಾಕಿ, ಅಲ್ಲಿಂದ ತಾಲೀಮು ಆರಂಭಿಸುವುದು ಕಡಿಮೆ ಖರ್ಚಿನ ದಾರಿ. ಕಲಿಸಬೇಕೆಂದು ಗೊತ್ತಿದ್ದವನು ಶಿಬಿರದಲ್ಲಿ ಕೇಳುವ ರೀತಿಯೇ ಬೇರೆ.

ಒಂದು ಎಚ್ಚರಿಕೆ ಅಗತ್ಯ. ತುಂಡುಗೆಲಸದ ಕೂಲಿ ಇರುವಲ್ಲಿ, ಎಂದರೆ ಕಾಯಿ ಸುಲಿಯುವವರಿಗೆ ಕಾಯಿಯ ಲೆಕ್ಕ, ಅಗರಬತ್ತಿ ಹೊಸೆಯುವವರಿಗೆ ತೂಕದ ಲೆಕ್ಕ ಇರುವಲ್ಲಿ, ಹತ್ತು ನಿಮಿಷದ ತಾಲೀಮು ಕೆಲಸಗಾರರ ಜೇಬಿನಿಂದ ಹೋಗುತ್ತದೆ. ಆ ಹತ್ತು ನಿಮಿಷಕ್ಕೆ ಕೂಲಿ ಕೊಡದೆ ತಾಲೀಮು ಮಾಡಿಸಿದರೆ ಎರಡನೆಯ ವಾರದಲ್ಲೇ ಅದು ನಿಲ್ಲುತ್ತದೆ. ನಿಲ್ಲುವುದು ಸರಿಯೂ ಹೌದು.

ಕಲಿಸಿದ ಕೆಲಸಗಾರ ಬಿಟ್ಟುಹೋಗುತ್ತಾನೆಂಬುದು ಉದ್ದಿಮೆದಾರರ ಹಳೆಯ ಅಳಲು. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶಗಳೂ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯೂ ಇರುವ ಜಿಲ್ಲೆಯಲ್ಲಿ ಈ ಅಳಲನ್ನು ತಳ್ಳಿಹಾಕಲಾಗದು. ಆದರೆ ಶಿಬಿರಕ್ಕೆ ಕಳಿಸಿದ ಒಬ್ಬನೇ ಕಲಿತವನಾಗಿದ್ದರೆ ಅವನೊಡನೆ ತರಬೇತಿಯೂ ಹೊರಟುಹೋಗುತ್ತದೆ. ವಾರವಾರವೂ ಎಲ್ಲರ ಮುಂದೆ ನಡೆಯುವ ತಾಲೀಮಿನಲ್ಲಿ ಒಬ್ಬನ ಕೆಲಸವನ್ನು ಇನ್ನಿಬ್ಬರು ಮಾಡಿ ನೋಡಿರುತ್ತಾರೆ. ಬಿಟ್ಟುಹೋಗುವವನನ್ನು ತಡೆಯುವ ಉಪಾಯ ಇದಲ್ಲ. ಬಿಟ್ಟುಹೋದ ಮಾರನೆಯ ದಿನ ಯಂತ್ರ ನಿಲ್ಲದಿರುವ ಉಪಾಯ.

ಆರಂಭ ಮತ್ತು ಪುನರಾರಂಭ

ಹೊಸದಾಗಿ ಕಲಿತ ಕೆಲಸಕ್ಕೆ ಮೊದಲ ವಾರ ದಿನವೂ, ಮುಂದಿನ ಮೂರು ವಾರ ವಾರಕ್ಕೆರಡು ಬಾರಿ, ಆಮೇಲೆ ತಿಂಗಳಿಗೊಮ್ಮೆ ಎಂಬ ಅಂತರ ಸಾಮಾನ್ಯ ಘಟಕಕ್ಕೆ ಸಾಕಾದೀತು. ಇದರಲ್ಲಿ ಪವಿತ್ರವಾದದ್ದೇನೂ ಇಲ್ಲ. ಮರೆವು ಬರುವ ಮೊದಲು ಮರುಅಭ್ಯಾಸ ಬರಬೇಕೆಂಬುದಷ್ಟೇ ನಿಯಮ. ವಿಷಯ ಒಂದು ಬಾರಿಗೆ ಒಂದೇ ಇರಲಿ. ವಾರದ ನಿಗದಿತ ದಿನ, ನಿಗದಿತ ವೇಳೆ ಇರಲಿ. ‘ಬಿಡುವಾದಾಗ’ ಎಂದಿಟ್ಟುಕೊಂಡ ತಾಲೀಮು ನಡೆದ ಉದಾಹರಣೆ ಕಡಿಮೆ. ಪಾಳಿ ಮುಗಿಯುವ ಹೊತ್ತಿಗಿಂತ ಆರಂಭದ ಹೊತ್ತು ಮೇಲು. ನಡೆಸಿದವರ ಹೆಸರು, ಮಾಡಿದವರ ಹೆಸರು, ತಪ್ಪಿದ ಒಂದು ಅಂಶ ಇಷ್ಟನ್ನು ಬರೆದಿಡುವ ಒಂದು ನೋಟುಪುಸ್ತಕ ಬೇಕು. ಹಾಜರಾತಿಗೆ ಸಹಿ ಹಾಕಿಸಿಕೊಳ್ಳುವುದೇ ಮುಖ್ಯವಾದ ದಿನ ಅದು ಮತ್ತೊಂದು ಚೌಕಟ್ಟಿನ ಪ್ರಮಾಣಪತ್ರವಾಗುತ್ತದೆ.

ಈ ಭಾಗದ ಘಟಕಗಳಲ್ಲಿ ಇನ್ನೊಂದು ವಿಶೇಷವಿದೆ. ಕೆಲಸಗಾರರಲ್ಲಿ ಹಲವರು ಹೊಲವುಳ್ಳವರು. ಬಿತ್ತನೆಗೆ, ರಾಗಿ ಕುಯಿಲಿಗೆ, ಒಕ್ಕಣೆಗೆ ವಾರಗಟ್ಟಲೆ ಬರುವುದಿಲ್ಲ. ಊರ ಜಾತ್ರೆ, ಹಬ್ಬಗಳು ಬೇರೆ. ಮರಳಿ ಬಂದ ದಿನ ಅವರನ್ನು ನೇರವಾಗಿ ಯಂತ್ರದ ಮುಂದೆ ನಿಲ್ಲಿಸುವುದು ವಾಡಿಕೆ, ಏಕೆಂದರೆ ಅವರು ಹಳಬರು. ತಿಂಗಳ ಕಾಲ ಕುಡುಗೋಲು ಹಿಡಿದ ಕೈಗೆ ಯಂತ್ರದ ಲಯ ಮರಳಲು ಸಮಯ ಬೇಕು. ಅಂಥವರಿಗೆ ಮೊದಲ ಎರಡು ದಿನ ಹೊಸಬರ ತಾಲೀಮನ್ನೇ ಕೊಡುವುದು, ನಿಧಾನಗತಿಯಲ್ಲಿ ಓಡಿಸಬಹುದಾದ ಯಂತ್ರವಾಗಿದ್ದರೆ ಮೊದಲ ದಿನ ನಿಧಾನವಾಗಿಯೇ ಓಡಿಸುವುದು, ಅವರು ಇಲ್ಲದಿದ್ದಾಗ ಬದಲಾದ ಕ್ರಮವೇನಾದರೂ ಇದ್ದರೆ ಅದನ್ನು ಬಾಯಲ್ಲಿ ಹೇಳದೆ ಮಾಡಿಸಿ ತೋರಿಸುವುದು ಅಗತ್ಯ. ಇದನ್ನು ಅವಮಾನವೆಂದು ಹಳಬರು ಭಾವಿಸದಂತೆ, ಮೇಸ್ತ್ರಿಯಿಂದ ಹಿಡಿದು ಮಾಲೀಕರ ಮಗನವರೆಗೆ ರಜೆಯಿಂದ ಬಂದ ಎಲ್ಲರಿಗೂ ಒಂದೇ ನಿಯಮವಿಡಬೇಕು.